ತೊಟ್ಟಿಲ ಮನೆಯ ಕಟ್ಟಿಗೆ ಮೀನುಗಳು

ಆ ದಿನ ನಮ್ಮ ಓಣಿಗೆ ನಳದ ನೀರು ಬಂದಿತ್ತು. ವಾರಕ್ಕೊಮ್ಮೆ ಬರುವ ನೀರು. ಬಂದಾಗ ಹಿಡಿಯದೆ ಬಿಟ್ಟರೆ ಮುಂದಿನ ಸರದಿಯವರೆಗೆ ಮಂದಿಯ ಮನೆ ಮುಂದೆ ಕೊಡ ಹಿಡಿದು ನಿಲ್ಲಬೇಕು. ಹಿಂದಿನ ದಿನ ಬೆನಕನ ಅಮಾವಾಸ್ಯೆ ಆಗಿತ್ತು; ಅಂಕೋಲಾ ಕಡೆ ಹೋದ ನಮ್ಮ ಮನೆಯವರು ರಾತ್ರಿ ಬಾರದಾಗ ಕೊನೆಯ ಬಸ್ಸು ತಪ್ಪಿರಬೇಕು ಎಂದುಕೊಂಡಿದ್ದೆ. ಹಿತ್ತಲ ಹಂಡೆ ತುಂಬಿಸಿ, ಅಡುಗೆಮನೆಯ ತಾಮ್ರದ ಕೊಡಗಳನ್ನು ಒಂದೊಂದಾಗಿ ನಳದ ಕೆಳಗೆ ಇಡುತ್ತಿದ್ದೆ. ಮೈದುನ ಮೌನೇಶ ಮೊಬೈಲು ಕೈಯಲ್ಲಿ ಹಿಡಿದು ಬಂದ.

“ವೈನಿ, ಅಂಕೋಲಾದಿಂದ ದೋಣಿ ಹಮ್ಮಣ್ಣ ಫೋನ್ ಮಾಡ್ಯಾನ್ರಿ. ಅಣ್ಣ ಕಾಣವಲ್ಲನಂತ.”

“ಕಾಣವಲ್ರು ಅಂದ್ರ?”

“ಅಳಿವ್ಯಾಗ ಇಳಿದಿದ್ನಂತ. ನೀರು ಎಳಕೊಂಡು ಹೋಗೇತಂತ. ನಿನ್ನೆ ಸಂಜಿಯಿಂದ ಹುಡುಕಾಕತ್ತಾರ.”

ಕೊಡ ತುಂಬಿ ಹರಿಯುತ್ತಿತ್ತು. ಅದನ್ನು ಸರಿಸಿ ಇನ್ನೊಂದನ್ನು ಇಟ್ಟೆ. ಸುದ್ದಿ ಕೇಳಿಯೂ ನೀರು ಹಿಡಿದಳು ಎಂದು ಓಣಿಯಲ್ಲಿ ಬಹಳ ದಿನ ಆಡಿಕೊಂಡರು. ಆಡಿಕೊಳ್ಳಲಿ. ಆ ಗಳಿಗೆಯಲ್ಲಿ ಕೈಗೆ ಒಂದು ಕೆಲಸ ಕೊಟ್ಟಿದ್ದನಲ್ಲ ಶಿವ, ಅದನ್ನು ನಾನು ಉಪಕಾರ ಎಂದೇ ಎಣಿಸಿದ್ದೇನೆ. ಕೈ ಖಾಲಿ ಇದ್ದಿದ್ದರೆ ಅಲ್ಲೇ ಬೀಳುತ್ತಿದ್ದೆ.

ಆ ದಿನದ ಮಾತಿಗೆ ಕೊನೆಯಲ್ಲಿ ಬರುತ್ತೇನೆ. ಇದನ್ನು ಬರೆಯಲು ಕುಳಿತದ್ದು ಕೆಲಸದ ಸಲುವಾಗಿ. ನನ್ನ ತಂಗಿಯ ಮಗಳು ಶೈಲಾ ಮತ್ತು ಅವಳ ಗೆಳತಿಯರು ಕಟ್ಟಿಗೆ ಮೀನಿನ ಕೆಲಸ ಮತ್ತೆ ಶುರು ಮಾಡುತ್ತೇವೆ ಎಂದು ಕುಳಿತಿದ್ದಾರೆ. ನನ್ನ ಕಣ್ಣಿಗೆ ಪೊರೆ ಬಂದು ಕುಂಚ ಕೆಳಗಿಟ್ಟಾಗಿದೆ. ಬಾಯಿಂದ ಹೇಳಿದರೆ ಅರ್ಧ ಕೇಳಿ ಫೋನು ನೋಡುತ್ತಾರೆ. ಅದಕ್ಕೆ ಬರೆದಿಡುತ್ತಿದ್ದೇನೆ.

ನಮ್ಮದು ಕಲಘಟಗಿಯ ಬಡಿಗೇರ ಮನೆ. ತೊಟ್ಟಿಲು ಮಾಡುವುದು ತಲೆತಲಾಂತರದ ಕಸುಬು. ಸಾಗವಾನಿಯ ಕಂಬಿಗಳನ್ನು ಲೇತಿಗೆ ಕೊಟ್ಟು, ತಿರುಗುತ್ತಿರುವಾಗಲೇ ಬಣ್ಣದ ಅರಗಿನ ಕಡ್ಡಿ ಒತ್ತಿದರೆ ಅರಗು ಕರಗಿ ಕಟ್ಟಿಗೆಗೆ ಹಿಡಿಯುತ್ತದೆ. ಮೇಲೆ ಕೇದಗೆ ಎಲೆಯಿಂದ ತಿಕ್ಕಿದರೆ ಕನ್ನಡಿಯ ಹಾಗೆ ಹೊಳೆಯುತ್ತದೆ. ಗಂಡಸರು ಕಡೆಯುವುದು, ಹೆಂಗಸರು ಬಳ್ಳಿ, ಗಿಳಿ, ಹೂವು ಬರೆಯುವುದು. ಗಿಳಿಯ ಕಣ್ಣನ್ನು ಎಲ್ಲಕ್ಕಿಂತ ಕೊನೆಗೆ, ಮಿಂದು, ವಿಭೂತಿ ಹಚ್ಚಿಕೊಂಡು ಇಡಬೇಕೆಂದು ಅತ್ತೆ ಕಲಿಸಿದ್ದರು.

ಹಮ್ಮಣ್ಣ ನಮ್ಮ ಮನೆಗೆ ಮೊದಲು ಬಂದದ್ದು ಮೊಮ್ಮಗನಿಗೆ ತೊಟ್ಟಿಲು ಕೊಳ್ಳಲು. ಗಂಗಾವಳಿ ಹೊಳೆ ಸಮುದ್ರ ಸೇರುವ ಅಳಿವೆಯಲ್ಲಿ ದೋಣಿ ನಡೆಸುವ ಮನುಷ್ಯ. ಗೋವಾದಿಂದ, ಹುಬ್ಬಳ್ಳಿಯಿಂದ ಶೋಕಿಗಾಗಿ ಗಾಳದ ಕೋಲು ಹಿಡಿದು ಬರುವ ಮಂದಿಯನ್ನು ಮೀನು ಇರುವ ಜಾಗಕ್ಕೆ ಕರೆದೊಯ್ಯುವುದು ಅವನ ಉದ್ಯೋಗ. ಅವರು ಹಿಡಿಯುವುದು ಅವರ ಕಡೆ ಕುರುಡಿ ಎನ್ನುವ ದೊಡ್ಡ ಮೀನು. ಆ ಶೋಕಿಯವರು ಎರೆಹುಳು, ಸಿಗಡಿ ಚುಚ್ಚುವುದಿಲ್ಲ. ಮೀನಿನ ರೂಪದ ಬೊಂಬೆಯನ್ನು ದಾರಕ್ಕೆ ಕಟ್ಟಿ ಎಸೆದು ಎಳೆಯುತ್ತಾರೆ. ಬೇಟೆಯ ಮೀನು ಅದನ್ನು ನಿಜವೆಂದು ತಿಳಿದು ಕಚ್ಚುತ್ತದೆ. ಪೇಟೆಯ ಬೊಂಬೆಗಳು ಬಂಡೆಗೆ ತಾಗಿ ಒಡೆಯುತ್ತಿದ್ದವಂತೆ. ಹಮ್ಮಣ್ಣ ನಮ್ಮ ತೊಟ್ಟಿಲಿನ ಒಂದು ಸಣ್ಣ ಕಂಬಿಯನ್ನು ಕೈಯಲ್ಲಿ ತಿರುಗಿಸಿ ನೋಡಿದ.

“ಇದ್ಕೆ ಒಂದು ಬಾಲ ಇಟ್ರೆ ಮೀನೇ ಅಲ್ದಾ?” ಎಂದ.

ನಮ್ಮ ಮನೆಯವರು ನಕ್ಕರು. ಆಮೇಲೆ ನಗುವುದನ್ನು ಬಿಟ್ಟು ಯೋಚಿಸಿದರು. ಫೈಬರಿನ ತೊಟ್ಟಿಲು ಬಂದು ನಮ್ಮ ಲೇತು ವಾರದಲ್ಲಿ ಮೂರು ನಾಲ್ಕು ದಿನ ಸುಮ್ಮನೆ ನಿಲ್ಲುತ್ತಿದ್ದ ಕಾಲ ಅದು.

ಅತ್ತೆಗೆ ಮೊದಲ ದಿನದಿಂದಲೂ ಇದು ಸೇರಲಿಲ್ಲ. ನಾವು ಮೀನು ಮಾಂಸ ಮುಟ್ಟುವವರಲ್ಲ.

“ಕೂಸು ಮಲಗಿಸೂ ತೊಟ್ಟಲಾ ಮಾಡೂ ಕೈಲೆ ಜೀವಾ ತಗಿಯೂ ಕೆಲಸ ಮಾಡ್ತೀಯೇನಲೇ?”

“ಹಸದ ಮೀನು ತಾನಾ ಬಂದು ಕಚ್ಚತೈತಿ ಯವ್ವಾ. ನಾವೇನ ಕರದೀವೇನ?”

“ಕರಿಯಾಕಂತನ ಅಲ್ಲೇನಲೇ ಮೂಳ, ಬಣ್ಣಾ ಹಚ್ಚಾಕತ್ತಿದ್ದು!”

ಅವರು ಎದ್ದು ಲೇತಿನ ಕಡೆ ಹೋದರು. ಕಟ್ಟಿಗೆ ಮೀನಿಗೆ ಕಣ್ಣು ಇಡುವ ಮುನ್ನವೂ ನಾನು ಮಿಂದು ಮನೆದೇವಿ ಕಾಳವ್ವನ ಮುಂದೆ ದೀಪ ಹಚ್ಚುತ್ತಿದ್ದೆ. ‘ಹೊಟ್ಟೆಪಾಡು ತಾಯಿ, ಹೊಟ್ಟೆಗೆ ಹಾಕ್ಕೋ’ ಎಂದು ಕೇಳಿಕೊಳ್ಳುತ್ತಿದ್ದೆ. ಹೊಟ್ಟೆಗೆ ಹಾಕಿಕೊಂಡಳೋ ಇಲ್ಲವೋ ಅವಳಿಗೇ ಗೊತ್ತು.

ಈಗ ತಪ್ಪುಗಳ ಮಾತು. ಶೈಲಾ, ಇದನ್ನು ಓದುವಾಗ ಫೋನು ಆ ಕಡೆ ಇಡು.

ಮೊದಲ ಮೀನುಗಳನ್ನು ತೊಟ್ಟಿಲಿನ ಸಾಗವಾನಿಯಿಂದಲೇ ಕಡೆದೆವು. ಅದರ ಮೇಲೆ ಗಾಳ, ತಂತಿಯ ಭಾರ ಬಿದ್ದು ಕಲ್ಲಿನ ಹಾಗೆ ತಳಕ್ಕೆ ಹೋದವು. ಆಮೇಲೆ ಬೂರಲ ಮರದ ಹಗುರ ಕಟ್ಟಿಗೆ ತಂದೆವು. ಅವು ತೇಲಿದವು, ಆದರೆ ಹೊಟ್ಟೆ ಮೇಲೆ ಮಾಡಿ ತೇಲಿದವು. ಸತ್ತ ಮೀನನ್ನು ಬೇಟೆ ಮೀನು ಮೂಸುವುದಿಲ್ಲ. ಹೊಟ್ಟೆಯಲ್ಲಿ ತೂತು ಕೊರೆದು ಸೀಸ ತುಂಬಿದ ಮೇಲೆ ನೆಟ್ಟಗಾದವು. ಇದನ್ನೆಲ್ಲ ಪರೀಕ್ಷೆ ಮಾಡಿದ್ದು ಹಿತ್ತಲ ಕಲ್ಲಿನ ಬಾನಿಯಲ್ಲಿ, ವಾರಕ್ಕೊಮ್ಮೆ ಬರುವ ನೀರಿನಲ್ಲಿ. “ಮಂದಿ ಕುಡಿಯಾಕ ಇಲ್ಲಂತ ಸಾಯಾಕತ್ತಾರ, ನೀವು ಕಟಗಿಗೆ ಈಜ ಕಲಸ್ರಿ” ಎಂದು ಅತ್ತೆ ಬಾಗಿಲಲ್ಲಿ ನಿಂತು ಬೈಯುತ್ತಿದ್ದರು.

ಬಣ್ಣದಲ್ಲಿ ಆದದ್ದು ಇನ್ನೂ ದೊಡ್ಡ ತಪ್ಪು. ಅರಗು ಹಚ್ಚಿ, ಕೇದಗೆ ಎಲೆಯಲ್ಲಿ ತಿಕ್ಕಿ, ಮದುವೆಮನೆಗೆ ಕಳಿಸುವ ಹಾಗೆ ಮಾಡಿ ಕಳಿಸಿದೆವು. ಅಳಿವೆಯ ನೀರಿನಲ್ಲಿ ಒಂದೇ ದಿನಕ್ಕೆ ಎಲ್ಲವೂ ಬೆಳ್ಳಗಾಗಿ, ತೊನ್ನು ಹತ್ತಿದ ಹಾಗೆ ವಾಪಸು ಬಂದವು. ನಮ್ಮ ಅರಗು ಮಗುವಿನ ಉಚ್ಚೆಯನ್ನು ತಡೆಯುತ್ತಿತ್ತು, ಉಪ್ಪುನೀರನ್ನು ತಡೆಯಲಿಲ್ಲ. ಅಂದಿನಿಂದ ಎಣ್ಣೆಬಣ್ಣ, ಅದರ ಮೇಲೆ ಎರಡು ಡಬ್ಬಿಯ ಅಂಟು ಕಲಸಿ ಹಚ್ಚುವ ಗಾಜಿನಂಥ ಲೇಪ. ಅದರ ವಾಸನೆ ಕೆಟ್ಟದ್ದು. ಬಾಗಿಲು ಹಾಕಿಕೊಂಡು ಹಚ್ಚಬೇಡಿರಿ. ನನ್ನ ಕೆಮ್ಮು ಅಲ್ಲಿಂದ ಬಂದದ್ದು.

ರಾಡಿ ನೀರಿನ ಗುಟ್ಟನ್ನು ನಮ್ಮ ಮನೆಯವರು ಹೋಗಿ ನೋಡಿ ಬಂದು ಹೇಳಿದರು. ನಮ್ಮ ಬೇಡ್ತಿ ಹಳ್ಳವೇ ಘಟ್ಟ ಇಳಿದು ಗಂಗಾವಳಿ ಆಗುವುದು. ಮಳೆಗಾಲದಲ್ಲಿ ನಮ್ಮ ಹೊಲಗಳ ಮಣ್ಣೆಲ್ಲ ಅಲ್ಲಿಗೆ ಹೋಗಿ ನೀರು ಚಹಾದ ಬಣ್ಣ ಆಗುತ್ತದಂತೆ. ಅಂಥ ನೀರಿನಲ್ಲಿ ಮೀನಿಗೆ ಕಣ್ಣು ಕೆಲಸಕ್ಕೆ ಬರುವುದಿಲ್ಲ. ಅದು ಪಕ್ಕೆಯಿಂದ ಅದುರುವಿಕೆಯನ್ನು ತಿಳಿಯುತ್ತದೆ. ಹಾಗಾಗಿ ಕಟ್ಟಿಗೆ ಮೀನಿನ ಮೂತಿಯ ಕೆಳಗೆ ಕೂಡಿಸುವ ತಗಡಿನ ನಾಲಿಗೆ ಅಗಲ ಇರಬೇಕು, ಮೀನು ಎಡಕ್ಕೆ ಬಲಕ್ಕೆ ಜೋರಾಗಿ ಹೊಯ್ದಾಡಬೇಕು. ಹೊಟ್ಟೆಯೊಳಗೆ ಸೈಕಲ್ ಗಾಲಿಯ ಸಣ್ಣ ಗುಂಡು ಹಾಕಿ ಮುಚ್ಚಿದರೆ ಗಿಲಕಿಯ ಹಾಗೆ ಸಪ್ಪಳ ಮಾಡುತ್ತದೆ. ಬೆನ್ನು ಕಾಡಿಗೆ ಕಪ್ಪು, ಹೊಟ್ಟೆ ಅರಿಸಿನ. ನಾನು ಬಳ್ಳಿ, ಹುರುಪೆ ಎಂದು ಎಷ್ಟು ಚಂದ ಬರೆದರೂ ಆ ನೀರಿನಲ್ಲಿ ದಂಡ.

“ಹಂಗಾರ ನಾನು ಕಣ್ಣಾ ಯಾಕ ಇಡ್ಲಿ?” ಎಂದು ಕೇಳಿದ್ದೆ.

“ಕಣ್ಣು ಮೀನಿಗಲ್ಲ, ಕೊಳ್ಳಾವರಿಗೆ. ಕಣ್ಣಿಲ್ಲದ್ದು ಯಾರೂ ತಗೊಳ್ಳಂಗಿಲ್ಲ” ಎಂದರು.

ಹಮ್ಮಣ್ಣ ಒಮ್ಮೆ ಹೊತ್ತೇರುವ ಮುನ್ನವೇ ಬಸ್ಸಿಳಿದು ಬಂದು, ಒಂದು ಕಟ್ಟಿಗೆ ಮೀನನ್ನು ಅಂಗಳಕ್ಕೆ ಬಿಸಾಡಿದ. ಅದರ ಹೊಟ್ಟೆಯ ಗಾಳ ಮೊಳೆ ಸಮೇತ ಕಿತ್ತು ಹೋಗಿತ್ತು.

“ನನ್ ದೋಣಿ ಉದ್ದಕ್ಕೆ ಅರ್ಧ ಇತ್ತು ಆ ಮೀನು, ಮಾರಾಯ್ರೆ! ಗಾಳ ಬಾಯಲ್ಲಿಟ್ಕಂಡೇ ಹೋಯ್ತು. ಆ ಗೋವಾದವ್ರು ನನ್ಗೆ ಬೈದದ್ದು ನಿಮ್ಗೆ ಬೈಲಾ?”

“ಬೈಯ್ರಿ, ಚಹಾ ಕುಡದು ಬೈಯ್ರಿ” ಎಂದು ನಾನು ಒಳಗೆ ಹೋದೆ. ಬಂದು ನೋಡಿದರೆ ಇಬ್ಬರೂ ಮುರಿದ ಮೀನಿನ ಮೇಲೆ ತಲೆ ಬಗ್ಗಿಸಿ ಕುಳಿತಿದ್ದರು.

ಆ ಬೈಗುಳದಿಂದ ಪದ್ಧತಿ ಬದಲಾಯಿತು. ಮೊಳೆ ಬಿಟ್ಟೆವು. ಮೂತಿಯಿಂದ ಬಾಲದವರೆಗೆ ಕಟ್ಟಿಗೆಯನ್ನು ಸೀಳಿ, ಒಂದೇ ಉಕ್ಕಿನ ತಂತಿ ತೂರಿಸಿ, ಆ ತಂತಿಗೇ ಗಾಳದ ಕೊಂಡಿ ತಿರುವಿ, ಮತ್ತೆ ಅಂಟಿಸುವುದು. ಕಟ್ಟಿಗೆ ಪುಡಿಯಾದರೂ ತಂತಿ ಬಿಡಬಾರದು. ಆ ತಂತಿ ತಿರುವುವ ಕೆಲಸ ನನಗೆ ಬಂತು, ಹೂಬತ್ತಿ ಹೊಸೆದ ಬೆರಳಿಗೆ ಅದು ಬೇಗ ಹತ್ತಿತು. ಒಂದು ಮೀನಿಗೆ ದಾರ ಕಟ್ಟಿ, ಜಂತಿಗೆ ಸಿಗಿಸಿ, ನಮ್ಮ ಮನೆಯವರು ಅದಕ್ಕೆ ಜೋತು ಬಿದ್ದು ನೋಡಿದರು. ದಾರ ಹರಿದು ಅವರು ಕುಂಡೆಯೂರಿ ಬಿದ್ದರು. ತಂತಿ ಹಾಗೇ ಇತ್ತು. ಅತ್ತೆ ಸೆರಗು ಬಾಯಿಗೆ ಹಿಡಿದು ನಕ್ಕದ್ದು ಈಗಲೂ ಕಣ್ಣ ಮುಂದಿದೆ. ಆಮೇಲೆ ನಮ್ಮ ಮನೆಯ ಒಂದು ಮೀನೂ ಗಾಳ ಬಿಟ್ಟು ವಾಪಸು ಬರಲಿಲ್ಲ.

ಗಾಳದ ಮಾತು ಇಲ್ಲೇ ಹೇಳುತ್ತೇನೆ, ಲಕ್ಷ್ಯ ಇರಲಿ. ಒಂದೊಂದು ಮೀನಿಗೆ ಎರಡು ಗಾಳ, ಒಂದೊಂದು ಗಾಳಕ್ಕೆ ಮೂರು ಮೊನೆ, ಮೊನೆಗೆ ಹಿಮ್ಮುಖ ಮುಳ್ಳು. ಒಳಗೆ ಹೋಗುತ್ತದೆ, ಹೊರಗೆ ಬರುವುದಿಲ್ಲ. ನನ್ನ ಎಡ ಅಂಗೈಯಲ್ಲಿ ಹೊಕ್ಕದ್ದನ್ನು ಡಾಕ್ಟರು ಕೊಯ್ದು ತೆಗೆದರು. ಗಾಳ ಕೂಡಿಸಿದ ಕೂಡಲೇ ಮೊನೆಗೆ ಬೆಂಡು ಚುಚ್ಚಿರಿ. ಮೈಮೇಲೆ, ಬಟ್ಟೆಗೆ, ಎಂದೂ ಸಿಗಿಸಿಕೊಳ್ಳಬೇಡಿರಿ.

ನಮ್ಮ ಮನೆಯವರು ಸಿಗಿಸಿಕೊಳ್ಳುತ್ತಿದ್ದರು. ಬಡಿಗೇರರ ಚಾಳಿ ಅದು. ನಡುವಿಗೆ ಟವೆಲು ಬಿಗಿದು ಅದರಲ್ಲಿ ಉಳಿ, ಅಳತೆಪಟ್ಟಿ ತುರುಕಿ ನಿಲ್ಲುತ್ತಾರೆ. ಹತಾರು ನಡುವಿನಲ್ಲಿ ಇಲ್ಲದಿದ್ದರೆ ಅವರಿಗೆ ಬರಿಮೈಯಲ್ಲಿ ನಿಂತ ಹಾಗೆ. ಅಳಿವೆಗೆ ಹೋದಾಗಲೂ ಪರೀಕ್ಷೆಯ ಮೀನುಗಳನ್ನು ಟವೆಲಿನ ಅಂಚಿಗೆ ಸಾಲಾಗಿ ಸಿಗಿಸಿಕೊಂಡು ನೀರಿಗಿಳಿಯುತ್ತಿದ್ದರು. ಹಮ್ಮಣ್ಣ ನನ್ನ ಮುಂದೆಯೇ ಹೇಳಿದ್ದ.

“ಅಕ್ಕಾ, ಇವ್ರಿಗೆ ನೀವಾದ್ರೂ ಹೇಳಿ. ನೀರಲ್ಲಿ ಮೈಮೇಲೆ ಗಾಳ ಕಟ್ಕಂಬಾರ್ದು.”

“ಆತು ಬಿಡಪಾ” ಎಂದರು ಇವರು. ಟವೆಲು ಬಿಚ್ಚಲಿಲ್ಲ.

ಇನ್ನೊಂದು, ಅಮಾವಾಸ್ಯೆ. ಆ ದಿನ ನಮ್ಮಲ್ಲಿ ಹತಾರು ಮುಟ್ಟುವುದಿಲ್ಲ. ಉಳಿ, ಬಾಚಿ, ಗರಗಸ ತೊಳೆದು ಕಾಳವ್ವನ ಮುಂದೆ ಮಲಗಿಸಿ, ಕುಂಕುಮ ಇಟ್ಟು ಬಿಡುವುದು. ಮೀನಿನ ಕೆಲಸ ಹತ್ತಿದ ಮೇಲೆ ತಿಂಗಳಿಗೆ ಅದೊಂದೇ ದಿನ ನಮ್ಮ ಮನೆಯವರ ಕೈ ಖಾಲಿ. ಹಾಗಾಗಿ ಅಳಿವೆಗೆ ಹೋಗುವುದು ಯಾವಾಗಲೂ ಅಮಾವಾಸ್ಯೆಯಂದೇ. ಮುಂಜಾನೆ ಪೂಜೆ ಮುಗಿಸಿ ಬಸ್ಸು ಹತ್ತಿದರೆ ರಾತ್ರಿಗೆ ವಾಪಸು. ಅಮಾವಾಸ್ಯೆಗೆ ಸಮುದ್ರದ ಉಬ್ಬರ ಇಳಿತ ಎಲ್ಲ ದಿನಕ್ಕಿಂತ ಜೋರು ಎಂಬುದು ಹಮ್ಮಣ್ಣನಿಗೆ ಗೊತ್ತಿತ್ತು. ನೀರು ಕದಡಿ ರಾಡಿಯಾಗುವುದೂ ಅಂದೇ, ರಾಡಿ ನೀರಿನ ಮೀನಿಗೆ ಅಂದೇ ಪರೀಕ್ಷೆ. ನಮಗೆ ಇಷ್ಟೇ ತಿಳಿದದ್ದು: ದೇವಿ ರಜೆ ಕೊಟ್ಟ ದಿನ, ಅವಳೇ ಕಾಯುತ್ತಾಳೆ.

ಬೆನಕನ ಅಮಾವಾಸ್ಯೆಯ ಆ ದಿನ ಅಳಿವೆಯ ನಡುವಿನ ಮರಳದಿಬ್ಬದ ಮೇಲೆ ಸೊಂಟದ ನೀರಿನಲ್ಲಿ ಇವರನ್ನು ಇಳಿಸಿ, ಹಮ್ಮಣ್ಣ ಗಾಳದ ಕೋಲಿನವರನ್ನು ಆಚೆ ದಡಕ್ಕೆ ಬಿಡಲು ಹೋದನಂತೆ. ಇಳಿತ ಶುರುವಾಗಿತ್ತು. ಮೇಲಿಂದ ಮಳೆಯ ನೀರು, ಕೆಳಗೆ ಸಮುದ್ರದ ಎಳೆತ. ಕಾಲ ಕೆಳಗಿನ ಮರಳು ಜಾರಿತು. “ತಿರ್ಗಿ ನೋಡೋದ್ರೊಳ್ಗೆ ದಿಬ್ಬನೂ ಇಲ್ಲ, ಅಣ್ಣನೂ ಇಲ್ಲ” ಎಂದು ಅವನು ನನ್ನ ಮುಂದೆ ಹೇಳಿದ. ಹೇಳಿ ತಲೆ ಎತ್ತಲಿಲ್ಲ.

ಅದರ ನಂತರವೂ ನಾನು ಈ ಕೆಲಸ ಬಹಳ ವರ್ಷ ಮಾಡಿದೆ. ‘ಗಂಡನನ್ನು ನುಂಗಿದ ಕೆಲಸ’ ಎಂದರು. ಮೌನೇಶ ಕಡೆದುಕೊಟ್ಟ, ನಾನು ತಂತಿ ತಿರುವಿದೆ, ಬಣ್ಣ ಹಚ್ಚಿದೆ. ಹಮ್ಮಣ್ಣ ಮೊದಲಿನ ಹಾಗೆ ಬಂದು ಒಯ್ಯುತ್ತಿದ್ದ, ಆದರೆ ಬೈಯುವುದನ್ನು ಬಿಟ್ಟಿದ್ದ. ಅವನು ಬೈಯದಿದ್ದದ್ದರಿಂದ ಕೆಲಸ ಕೆಟ್ಟಿತು ಎಂದರೆ ನಂಬಿರಿ. ವಾರೆಯಾಗಿ ಈಜುವ ಮೀನನ್ನೂ “ಅಡ್ಡಿಲ್ಲ ಅಕ್ಕಾ” ಎಂದು ಒಯ್ಯುತ್ತಿದ್ದ. ಒಂದು ದಿನ ನಾನೇ ಹೇಳಿದೆ, “ಹಮ್ಮಣ್ಣಾ, ಬೈಯದಿದ್ರ ಇನ್ನ ಕೊಡಂಗಿಲ್ಲ ನೋಡು.” ಅವನು ಅತ್ತ. ನಂತರ ಬೈದ. ಆಮೇಲೆ ಚೀನಾದ ಪ್ಲಾಸ್ಟಿಕ್ ಮೀನು ಬಂತು, ಗಿರಾಕಿಗಳು ಕಡಿಮೆಯಾದರು, ನನ್ನ ಕಣ್ಣೂ ಮಸುಕಾಯಿತು.

ಇನ್ನು ಆ ದಿನಕ್ಕೆ ಬರುತ್ತೇನೆ.

ಮೌನೇಶ ಅಂಕೋಲಾಕ್ಕೆ ಹೊರಟ. ಓಣಿಯ ಹೆಂಗಸರು ಬಂದು ಕುಳಿತರು. ನಾನು ತುಂಬಿಸಿದ ಕೊಡಗಳು ಅಡುಗೆಮನೆಯಲ್ಲಿ ಸಾಲಾಗಿದ್ದವು. ನಮ್ಮಲ್ಲಿ ಮನೆಯ ಮಂದಿ ಯಾರಾದರೂ ತೀರಿದ ಸುದ್ದಿ ಬಂದರೆ ಮನೆಯಲ್ಲಿ ಹಿಡಿದಿಟ್ಟ ನೀರನ್ನು ಚೆಲ್ಲಬೇಕು. ಒಂದು ತಂಬಿಗೆಯಷ್ಟೂ ಉಳಿಸಬಾರದು. ಹಿರಿಯ ಹೆಂಗಸೊಬ್ಬಳು ಎದ್ದು ಕೊಡಕ್ಕೆ ಕೈ ಹಾಕಿದಳು. ನಾನು ಹೋಗಿ ಅಡ್ಡ ನಿಂತೆ.

“ಮುಟ್ಟಬ್ಯಾಡ್ರಿ.”

ಅತ್ತೆ ಗೋಡೆಗೆ ಒರಗಿ ಕುಳಿತಿದ್ದರು. “ಚೆಲ್ಲಬೇಕು ಬೇ. ಸುದ್ದಿ ಬಂದ ಮ್ಯಾಲೆ ಇಡಬಾರದು” ಎಂದರು.

“ಏನ ಸುದ್ದಿ ಬಂದೈತ್ರಿ ಅತ್ತಿ? ಕಾಣವಲ್ರು ಅಂತ ಬಂದೈತಿ. ಇಲ್ಲ ಅಂತ ಬಂದಿಲ್ಲ.”

“ಹುಚ್ಚೀ...”

“ಹುಚ್ಚೀನ ಅದೇನ್ರಿ. ಅವರು ಬಂದು ನೀರು ಕೇಳಿದ್ರ ಏನ ಕೊಡ್ಲಿ?”

ಆ ಹೆಂಗಸು ಕೊಡದಿಂದ ಕೈ ತೆಗೆದಳು. ನಾನು ಕೊಡಗಳ ಬಾಯಿಗೆ ತಟ್ಟೆ ಮುಚ್ಚಿದೆ. ಅದೇ ನೀರಿನಲ್ಲಿ ಅತ್ತೆಗೆ ಗಂಜಿ ಮಾಡಿದೆ. ಅದೇ ನೀರಿನಿಂದ ದೇವರ ಜಗುಲಿ ಒರೆಸಿದೆ. ಮೈಲಿಗೆಯ ನೀರಿನಲ್ಲಿ ಪೂಜೆ ಎಂದು ಬಾಗಿಲಲ್ಲಿ ಗುಸುಗುಸು ಆಯಿತು. ಹೀಗೇ ಒಂದು ದಿನ ಹೋಯಿತು, ಇನ್ನೊಂದು ಹೋಯಿತು. ಮೌನೇಶ ಫೋನು ಮಾಡಿ ಇನ್ನೂ ಇಲ್ಲ ಎನ್ನುತ್ತಿದ್ದ. ಅಳಿವೆಯ ಬಾಯಿಯಿಂದ ಹೊರಗೆ ಹೋದವರು ಸಿಗುವುದಿಲ್ಲ ಎಂದು ಅಲ್ಲಿಯವರು ಅವನಿಗೆ ಹೇಳಿದ್ದರಂತೆ; ಅದನ್ನು ನನಗೆ ಹೇಳಿರಲಿಲ್ಲ. ಕಾಳವ್ವನಲ್ಲಿ ನನ್ನ ಕೋರಿಕೆ ಆ ಹೊತ್ತಿಗೆ ಬಹಳ ಸಣ್ಣದಾಗಿತ್ತು. ಮೊದಲು ‘ಬದುಕಿಸಿ ಕೊಡು’ ಎಂದವಳು ಈಗ ‘ಕೊಡು’ ಎಂದಷ್ಟೇ ಕೇಳುತ್ತಿದ್ದೆ.

ಕೊಟ್ಟಳು.

ಅಳಿವೆಯ ಒಳಗೇ, ಉಪ್ಪುನೀರಿನಲ್ಲಿ ಬೇರು ಬಿಡುವ ಕಾಂಡ್ಲಾ ಗಿಡಗಳ ಬೇರಿನ ನಡುವೆ ಸಿಕ್ಕರು. ನಡುವಿನ ಟವೆಲಿನಲ್ಲಿದ್ದ ಒಂದು ಕಟ್ಟಿಗೆ ಮೀನಿನ ಗಾಳ ಬೇರಿಗೆ ಕಚ್ಚಿತ್ತಂತೆ. ಅಮಾವಾಸ್ಯೆಯ ಅಷ್ಟು ಎಳೆತದಲ್ಲಿಯೂ ಬಿಟ್ಟಿರಲಿಲ್ಲ. ಕಟ್ಟಿಗೆ ಸೀಳಿ ಹೋಗಿತ್ತು, ತಂತಿ ಹಿಡಿದಿತ್ತು. “ಅದು ಹಿಡೀದಿದ್ರ ಅಣ್ಣ ಸಮುದ್ರಕ್ಕ ಹೋಗಿರ್ತಿದ್ನಂತ ವೈನಿ” ಎಂದು ಮೌನೇಶ ಫೋನಿನಲ್ಲಿ ಅತ್ತ.

ನಾನು ತಿರುವಿದ ತಂತಿ. ಅದು ಹಿಡಿದದ್ದು ಅವರು ಮುಳುಗಿದ ಮೇಲೋ, ಮುಳುಗುವ ಮುನ್ನ ಬೇರಿಗೆ ಸಿಕ್ಕಿ ಮೇಲೆ ಬರಲು ಬಿಡದೆಯೋ, ನಾನು ಕೇಳಲಿಲ್ಲ. ಕೇಳಿದ್ದರೂ ಹೇಳುವವರು ಯಾರಿದ್ದರು? ಹಮ್ಮಣ್ಣ ಆ ತಂತಿಯನ್ನು ಕತ್ತರಿಸಿ ಅಲ್ಲೇ ಹೊಳೆಗೆ ಹಾಕಿದೆ ಎಂದ. ಹಾಕಿದ್ದು ಒಳ್ಳೆಯದಾಯಿತು. ದೇಹ ಸಿಕ್ಕಿತು, ಮುಖ ಗುರುತು ಹತ್ತುತ್ತಿತ್ತು, ನಮ್ಮ ಮಣ್ಣಿಗೆ ಬಂತು. ಇವು ಮೂರನ್ನೂ ನಾನು ಉಪಕಾರದ ಲೆಕ್ಕಕ್ಕೇ ಹಿಡಿದಿದ್ದೇನೆ. ನಾಲ್ಕನೆಯದು ಆ ತಂತಿ, ಅದನ್ನು ಯಾವ ಲೆಕ್ಕಕ್ಕೂ ಹಿಡಿಯಲು ಆಗಿಲ್ಲ. ಶೈಲಾ, ನಿನಗೆ ತಂತಿ ತಿರುವುವುದನ್ನು ಕಲಿಸುವಾಗ ನನ್ನ ಕೈ ಯಾಕೆ ನಿಲ್ಲುತ್ತದೆ ಎಂದು ಕೇಳಿದ್ದೆಯಲ್ಲ, ಇದಕ್ಕೆ. ತಂತಿಯನ್ನು ಮಾತ್ರ ಗಟ್ಟಿಯಾಗಿಯೇ ತಿರುವು. ಅಮಾವಾಸ್ಯೆಗೆ ಹತಾರು ಮಲಗಿಸು, ನೀನೂ ಮನೆಯಲ್ಲಿರು.

ಫೋನು ಇಟ್ಟು ಅಡುಗೆಮನೆಗೆ ಹೋದೆ. ಯಾರೂ ಹೇಳಬೇಕಾಗಲಿಲ್ಲ. ತಟ್ಟೆ ತೆಗೆದು ಮೊದಲ ಕೊಡ ಎತ್ತಿ ಅಂಗಳಕ್ಕೆ ಸುರಿದೆ. ಎರಡನೆಯದನ್ನೂ ಸುರಿದೆ. ಹೆಂಗಸರು ಹಂಡೆಗೆ ಕೈ ಹಚ್ಚಿದರು. ಕೊನೆಯ ಕೊಡಕ್ಕೆ ಬಂದಾಗ ಅತ್ತೆ ಗೋಡೆ ಹಿಡಿದು ಎದ್ದು ಬಂದರು. ಮೊದಲ ದಿನದಿಂದ ಚೆಲ್ಲು ಚೆಲ್ಲು ಎಂದವರು ಅವರೇ.

“ಒಂದ ತಂಬಗಿ ಇಡವ್ವಾ” ಎಂದರು.

“ಇಡಬಾರದಲ್ರಿ ಅತ್ತಿ.”

“ನನಗೂ ಗೊತ್ತೈತಿ. ಅಂವಾ ಬರ್ತಾನಂತ ಹಿಡಿದಿಟ್ಟ ನೀರು. ಅವನ ಬಾಯಾಗ ಬಿಡೂಣು.”

ಒಂದು ತಂಬಿಗೆ ತುಂಬಿ ಜಗುಲಿಯ ಕೆಳಗೆ ಇಟ್ಟೆ. ಉಳಿದದ್ದನ್ನು ಚೆಲ್ಲಿದೆ. ಅವರನ್ನು ತರುವ ಗಾಡಿ ಘಟ್ಟ ಹತ್ತಿ ಬರಲು ಇನ್ನೂ ಹೊತ್ತಿತ್ತು. ಕೊಡಗಳ ಒಳಗೆ ನೀರಿನ ಗೆರೆ ಕೂತಿತ್ತು. ಹುಣಸೆಹಣ್ಣು, ಬೂದಿ ತೆಗೆದುಕೊಂಡು ಹಿತ್ತಲಲ್ಲಿ ಕುಳಿತು ಒಂದೊಂದಾಗಿ ಬೆಳಗತೊಡಗಿದೆ.